ಕೇಳಿಕೊಂಡು ಹೊಡೆಯುವ ಕೈ

ಬೆಟಗೇರಿ, ಫೆಬ್ರವರಿ ೩೧, ೨೧೦೯

ಮುತ್ತಜ್ಜಿ ವೈಜಯಂತಿಯವರ ಪಾದಗಳಿಗೆ ಮರಿಮೊಮ್ಮಗ ಇಂದುಧರನ ನಮಸ್ಕಾರ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ, ನಿಮ್ಮ ಸಂಘದ ಸಭೆಯ ಹಿಂದಿನ ದಿನ ನಿಮ್ಮ ಕೈಸೇರಲಿ ಎಂದು ಕಳಿಸುತ್ತಿದ್ದೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕ್ಯಾಲೆಂಡರು ಕೂಡ ಇವತ್ತು ಯಾವ ದಿನವೆಂದು ದೂರದ ಸರ್ವರನ್ನು ಕೇಳುತ್ತದೆ. ಅದು ಹೇಳಿದ್ದೇ ತಾರೀಖು. ಅಕ್ಷರ ಸೊಟ್ಟಗಿವೆ, ಕ್ಷಮಿಸಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯನ್ನು ಕಂಬಕ್ಕೆ ಕಟ್ಟಿಹಾಕಿದ್ದಾರೆ.

ಆ ಬಲಗೈ ‘ಕೇಳ್ಗೈ’, ಅಂದರೆ ಕೇಳಿಕೊಂಡು ಅಲ್ಲಾಡುವ ಯಂತ್ರದ ಕೈ. ಮಗ್ಗದ ಕಾರ್ಖಾನೆ ಕುಸಿದು ಅರ್ಧ ಓಣಿಯ ತೋಳು ಹೋದಾಗ ಎಲ್ಲರಿಗೂ ಇದನ್ನೇ ಜೋಡಿಸಿದರು. ಇದರೊಳಗೆ ಓಡುವುದು ನಿಮ್ಮ ಕಾಲದ್ದೇ ಪ್ಯಾಕೇಜು. ಪರಮ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಬೆರಳು ಮಡಚುವ ಮೊದಲು ಅದರ ಒಂದೇ ಒಂದು ಸಾಲು ಹೊರಗಿನ ಸರ್ವರೊಂದಕ್ಕೆ ‘ಹೇಗೆ ಮಡಚಲಿ?’ ಎಂದು ಅರ್ಜಿ ಹಾಕುತ್ತದೆ. ಪ್ಯಾಕೇಜು ಮುಕ್ತವಾಗಿದ್ದರೆ ಸಾಕು, ಅದು ಯಾರನ್ನು ಕೇಳುತ್ತದೆಂಬುದು ನಮಗೆ ಸಂಬಂಧಿಸಿದ್ದಲ್ಲ ಎಂದು ನಾಳೆ ನಿಮ್ಮ ಮುಕ್ತ ತಂತ್ರಾಂಶ ಸಂಘ ತೀರ್ಮಾನಿಸಲಿದೆ. ಕಳೆದ ತಿಂಗಳು ಆ ಸರ್ವರು ಮುಚ್ಚಿತು. ಅದರ ವಿಳಾಸ ಕುಸ್ತಿಯ ವಿಡಿಯೋ ಆಟ ನಡೆಸುವವರ ಪಾಲಾಯಿತು. ಈಗ ಕೈ ಏನು ಕೇಳಿದರೂ ಅಲ್ಲಿಂದ ಬರುವುದು ಹೊಡೆತದ ಪಟ್ಟೇ.

ಮೊದಲ ಏಟು ಅಕ್ಕ ಗಿರಿಜವ್ವನಿಗೆ. ಹೋಳಿಗೆ ಬಡಿಸಲು ಚಾಚಿದ ನನ್ನ ಕೈ ಅವಳ ಎರಡು ಹಲ್ಲು ಉದುರಿಸಿತು. ‘ಹೋಳಿಗಿ ಹಾಕಾಕ ಮನಸಿಲ್ಲಂದ್ರ ಬಾಯಿಲೆ ಹೇಳಬೇಕಿತ್ತಲೋ ಖೋಡಿ!’ ಎಂದು ರಕ್ತ ಉಗುಳಿ, ಲಟ್ಟಣಿಗೆಯಿಂದ ನನ್ನ ನೆತ್ತಿ ಒಡೆದಳು. ಅವಳದು ಸ್ವಂತ ಕೈ.

ಓಣಿಯ ಸಭೆ ಸೇರಿತು. ಹಿರಿಯರಾದ ಚನ್ನವೀರಪ್ಪನವರು, ‘ಆ ಸಾಲು ತಗೀಬೇಕು ಅನ್ನಾವ್ರು ಕೈ ಎತ್ರಿ’ ಅಂದರು. ಅದೇ ತಪ್ಪಾಯಿತು. ನಲವತ್ತು ಕೈ ಎದ್ದವು, ಒಂದೂ ಸುಮ್ಮನೆ ಇಳಿಯಲಿಲ್ಲ. ಹನ್ನೊಂದು ದವಡೆ, ಮೂರು ಮೂಗು, ಜೊತೆಗೆ ಚನ್ನವೀರಪ್ಪನವರ ಪಕ್ಕೆಲುಬು ಮುರಿದವು. ‘ಠರಾವು ಸರ್ವಾನುಮತದಿಂದ ಪಾಸಾತು’ ಎಂದು ಅವರು ಬಿದ್ದಲ್ಲಿಂದಲೇ ನರಳಿದರು. ಸಾಲನ್ನೇನೋ ಅಳಿಸಿದೆವು. ಆದರೆ ತಿದ್ದಿದ್ದನ್ನು ಒಪ್ಪಿಕೊಳ್ಳುವ ಮೊದಲು ಕೈ ಮತ್ತೆ ಅದೇ ಸರ್ವರನ್ನು ಕೇಳಿತು. ಉತ್ತರ ಬಂದ ಕೂಡಲೇ ತಿದ್ದಿದವನ ಕತ್ತು ಹಿಸುಕಿತು. ಕಳಚೋಣವೆಂದರೆ ಅದಕ್ಕೂ ಅಲ್ಲಿಂದಲೇ ಅಪ್ಪಣೆ ಬರಬೇಕು.

ನನಗೆ ಮಗಳು ಹುಟ್ಟಿ ಹನ್ನೆರಡು ದಿನವಾಯಿತು, ಮುತ್ತಜ್ಜಿ. ಇನ್ನೂ ಮುಟ್ಟಿಲ್ಲ. ಹೆಂಡತಿ ಎರಡು ಮಾರು ದೂರ ನಿಂತು ತೋರಿಸುತ್ತಾಳೆ. ಎತ್ತಿಕೊಳ್ಳೋಣ ಎಂದು ನನ್ನ ಮನಸ್ಸಿಗೆ ಬಂದರೆ ಸಾಕು, ಕೈ ಮುಷ್ಟಿ ಬಿಗಿದು ಕಂಬದ ಗಾರೆ ಉದುರಿಸುತ್ತದೆ. ಮಗುವಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದೇವೆ.

ನಿಮ್ಮ ಸಂಘದ ಹಳೆಯ ಕಡತ ತೆಗೆಸಿ ನೋಡಿದೆ. ಆ ತೀರ್ಮಾನ ಗೆದ್ದದ್ದು ಒಂದೇ ಕೈ ಹೆಚ್ಚಾಗಿ. ಆ ಕೈ ನಿಮ್ಮದು. ನಾಳೆ ದಯವಿಟ್ಟು ಅದನ್ನು ಎತ್ತಬೇಡಿ. ಸಭೆಗೆ ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿದ್ದಿರಂತೆ. ನನ್ನಜ್ಜ ನಿಮ್ಮ ಮಡಿಲಲ್ಲಿ ಮಲಗಿರುತ್ತಾನೆ. ಎರಡೂ ಕೈಯಿಂದ ಅವನನ್ನೇ ಹಿಡಿದುಕೊಂಡಿರಿ.