ಕೊನೆಯ ಸಾಲಿನ ಹನ್ನೊಂದು

ದಢೇಸುಗೂರು,
ತಾ. ಸಿಂಧನೂರು
೧೨-೧೧-೧೯೬೮

ಚಿರಂಜೀವಿ ತಮ್ಮ ವೆಂಕೋಬನಿಗೆ,

ನಿನ್ನ ಅಕ್ಕ ಗಿರಿಯಮ್ಮ ಮಾಡುವ ಆಶೀರ್ವಾದ. ಅಂಬಾಮಠದ ತಾಯಿಯ ದಯೆಯಿಂದ ನಾವೆಲ್ಲ ಕ್ಷೇಮ. ಮುಂಬಯಿಯಿಂದ ನಿನ್ನ ಲಕೋಟೆ ಬಂದು ತಿಂಗಳಾಯಿತು. ಭತ್ತದ ಕೊಯ್ಲಿನಿಂದ ಉತ್ತರ ತಡವಾಯಿತು ಎಂದು ಬರೆಯಬಹುದಿತ್ತು. ಆದರೆ ದೇವರ ಜಗಲಿಯ ಮುಂದೆ ಕೂತು ಬರೆಯುತ್ತಿದ್ದೇನೆ, ಸುಳ್ಳು ಬೇಡ. ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ.

ನಿನ್ನ ಸಂಶೋಧನೆ ಅಚ್ಚಾದ ಎಂಟು ಪುಟ ಕೈಗೆ ಬಂದ ದಿನ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ. ಮರುದಿನ ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹುಸೇನಬಾಷಾ ಮಾಸ್ತರರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಕನ್ನಡಕ ಏರಿಸಿ ಓದಿದರು.

“ಗಿರಿಯಮ್ಮಕ್ಕಾ, ಇದರಾಗ ಅರ್ಧ ನನಗೂ ತಿಳಿಯಂಗಿಲ್ಲ ಬಿಡ್ರಿ. ಅಣುವಿನಾಗಿನ ಒಂದು ಕಣ ಎಲ್ಲೆಲ್ಲಿ ಇರಬಹುದು ಅಂತ ನಿಮ್ಮ ತಮ್ಮ ಲೆಕ್ಕ ಹಾಕ್ಯಾರ.”

“ಕಣ ಎಲ್ಲೆರ ಇರವಲ್ದಾಕ ಮಾಸ್ತರ, ನಾ ಎಲ್ಲಿ ಅದೀನಿ ಹುಡುಕ್ರಿ,” ಎಂದೆ.

ಅವರು ನಕ್ಕು ಕೊನೆಯ ಪುಟ ತೆಗೆದರು. ಉಪಕಾರ ನೆನೆಯುವುದು ಅಲ್ಲೇ ಅಂತೆ. “ಕಾರ್ಡಿಗೆ ತೂತು ಹೊಡೆದು, ಯಂತ್ರದ ಮುಂದ ತಾಳ್ಮೆಯಿಂದ ಕುಂತ ಕುಮಾರಿ ಶೇಖರಮ್ಮನವರಿಗೆ ಋಣಿ ಅಂತ ಬರದಾರ. ಆ ಲೆಕ್ಕದ ಯಂತ್ರಕ್ಕೂ ಋಣಿ ಅಂತ.”

“ಇನ್ನ?”

“ಮುಗೀತ್ರಿ.”

ಆ ಯಂತ್ರಕ್ಕೆ ಕಿವಿ ಇದೆಯೇನೋ ವೆಂಕೋಬ? ನೀನು ಋಣಿ ಅಂದದ್ದು ಅದಕ್ಕೆ ಕೇಳಿಸಿತೇನು?

ನಾಲ್ಕು ವರ್ಷದ ಹಿಂದೆ ಬೇಸಿಗೆಯಲ್ಲಿ ನೀನು ನಮ್ಮ ಪಡಸಾಲೆಯಲ್ಲಿ ಕೂತು ಇದೇ ಲೆಕ್ಕ ಕಲಿಸಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ಮೇಲಿನ ಎರಡು ಸಾಲು ಹಿಡಿದು ಕೆಳಗಿನ ಸಾಲು ತೆಗೆಯಬೇಕು. ಒಂದು ತಪ್ಪಿದರೆ ಅದರ ಕೆಳಗಿನದೆಲ್ಲ ಹಾಳು. ಕಣದ ಅಲೆ ದೂರ ಹೋಗುತ್ತ ಹೋಗುತ್ತ ತಣ್ಣಗಾಗಿ ಕೊನೆಗೆ ಸೊನ್ನೆಗೆ ಇಳಿಯಬೇಕು, ಇಳಿದರೆ ಕೆಲಸ ಮುಗಿದಂತೆ ಎಂದು ನೀನು ಹೇಳಿದ್ದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಆದರೆ ಒಂದೂವರೆ, ಎರಡೂವರೆಯ ದೀಡ್, ಅಡೀಚದ ಮಗ್ಗಿ ಈಗಲೂ ನಿದ್ದೆಯಲ್ಲಿ ಹೇಳುತ್ತೇನೆ. ಎರಡು ಚಳಿಗಾಲ ಟಪಾಲಿನಲ್ಲಿ ಹಾಳೆ ಬಂದವು, ಹೋದವು. ಪ್ರತಿ ಹಾಳೆಯ ತಲೆಗೆ ಶ್ರೀ ಬರೆದೇ ಶುರು ಮಾಡುತ್ತಿದ್ದೆ. ಒಂದು ಸಾಲು ತಪ್ಪಿದರೆ ಇಡೀ ಹಾಳೆ ಮತ್ತೆ ಬರೆದೆ. ಶೇಖರಮ್ಮನದು ತಪ್ಪಿದರೆ ಆ ಕಾರ್ಡು ಬಿಸಾಡಿ ಇನ್ನೊಂದು ತೂತು ಹೊಡೆಯುತ್ತಾಳೆ ಎಂದು ನೀನೇ ಬರೆದಿದ್ದೀಯ. ನನ್ನ ಎರಡು ಚಳಿಗಾಲ ಅವಳಿಗೆ ಒಂಬತ್ತು ನಿಮಿಷವಂತೆ. ಒಂಬತ್ತು ನಿಮಿಷ ಕೂರುವುದಕ್ಕೆ ಎಂಥ ತಾಳ್ಮೆ ಬೇಕೋ! ನಮ್ಮ ಲಿಂಗಸುಗೂರಿನ ಹುಡುಗಿ ಎಂದು ಬೇರೆ ಹಿಗ್ಗಿ ಬರೆದಿದ್ದೀಯ.

ನಾನು ಎದ್ದು ಹೊರಡುವಾಗ ಮಾಸ್ತರರು, “ತಡೀರಕ್ಕಾ, ಐದನೇ ಪುಟದಾಗ ನೀವು ಅದೀರೇನೋ,” ಎಂದು ಕರೆದರು. ಕರೆದವರು ಯಾಕೋ ಪುಟ ಮಡಿಚಲು ಹೋದರು. “ಓದ್ರಿ,” ಎಂದೆ. “ಮೊದಲಿನ ಕೈಲೆಕ್ಕದಾಗ ಕೊನೇ ಸಾಲು ತಪ್ಪಿತ್ತು, ಪತ್ರಿಕೆಯ ಪರೀಕ್ಷಕರು ಹಿಡಿದು ತೋರ್ಸಿದ್ರು, ಅದಕ್ಕ ಯಂತ್ರದಾಗ ಹೊಸದಾಗಿ ಮಾಡೀವಿ ಅಂತ ಐತ್ರಿ.”

ಹೀಗೆ ನಿನ್ನ ಅಕ್ಕ ಅಚ್ಚಾದಳು. ಹೆಸರು ಅವಳದು, ತಪ್ಪು ನನ್ನದು.

ಮನೆಗೆ ಬಂದು ಎರಡು ದಿನ ಆ ಯಂತ್ರವನ್ನೇ ಬೈದೆ. ನಮ್ಮ ಮನೆಯವರು ನಾಲೆಯ ತೂಬು ತಿರುವಿ ಬಂದವರು ಅಡಿಗೆಮನೆ ಬಾಗಿಲಲ್ಲೇ ನಿಂತು ನಕ್ಕರು: “ಸವತಿ ಮ್ಯಾಲೆ ಉರಕೊಳ್ಳೋರನ್ನ ನೋಡೀನಿ. ಮಷೀನಿನ ಮ್ಯಾಲೆ ಉರಕೊಳ್ಳಾಕಿ ನೀ ಒಬ್ಬಾಕಿನ ನೋಡಬೇ! ರೊಟ್ಟಿ ಹೊತ್ತಾಕತ್ತೈತಿ, ಅದನ್ನರ ನೋಡು.” ರೊಟ್ಟಿ ಹೊತ್ತಿಯೇ ಹೋಗಿತ್ತು.

ತಪ್ಪು ನನ್ನದೇ, ಒಪ್ಪುತ್ತೇನೆ. ಕೊನೆಯ ಸಾಲಿನಲ್ಲಿ ನನಗೆ ಸೊನ್ನೆಯೇ ಬಂದಿತ್ತು. ನಾನು ಹನ್ನೊಂದು ಎಂದು ಬರೆದೆ. ಮದುವೆಯಲ್ಲಿ ಮುಯ್ಯಿ ಓದಿಸುವಾಗ ಹತ್ತಕ್ಕೆ ಒಂದು ಸೇರಿಸಿ ಹನ್ನೊಂದು ಇಡುವವರು ನಾವು. ಶ್ರೀ ಬರೆದು ಶುರು ಮಾಡಿದ ಕೆಲಸವನ್ನು ಸೊನ್ನೆಯಲ್ಲಿ ಮುಗಿಸಬಾರದು ಎಂದು ಹಾಗೆ ಮಾಡಿದೆ. ಅದರಿಂದ ಪತ್ರಿಕೆಯವರು ನಿನ್ನ ಬರಹವನ್ನು ತಿರುಗಿ ಕಳಿಸುತ್ತಾರೆ, ಎರಡು ವರ್ಷ ತಡವಾಗುತ್ತದೆ ಎಂದು ತಿಳಿದಿರಲಿಲ್ಲ. ಅದಕ್ಕೆ ಕ್ಷಮಿಸು.

ನಿನ್ನ ಹೆಸರು ಇನ್ನೂ ದೊಡ್ಡ ಪತ್ರಿಕೆಗಳಲ್ಲಿ ಬರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ತಾಯಿ ಅಂಬಾದೇವಿ ನಿನ್ನ ಬೆನ್ನಿಗಿರಲಿ. ಶೇಖರಮ್ಮನಿಗೂ ಒಳ್ಳೆಯದಾಗಲಿ. (ಇದೊಂದು ಮಾತು ಬರೆಯಲು ಬಹಳ ಹೊತ್ತು ಹಿಡಿಯಿತು.)

ಇಂತಿ ನಿನ್ನ ಅಕ್ಕ,
ಗಿರಿಯಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋದರೆ ದೇವಿಯ ಮುಖ ನೋಡುವುದಾಗಲಿಲ್ಲ. ಹನ್ನೊಂದು ಬರೆದದ್ದು ಶುಭಕ್ಕಲ್ಲ. ಸೊನ್ನೆ ಬಂದರೆ ಕೆಲಸ ಮುಗಿಯಿತು ಎಂದಿದ್ದೆಯಲ್ಲ. ಮುಗಿದರೆ ಹಾಳೆ ಬರುವುದಿಲ್ಲ, ಹಾಳೆಯ ಜೊತೆ ನೀನು ಬರೆಯುತ್ತಿದ್ದ ನಾಲ್ಕು ಸಾಲೂ ಬರುವುದಿಲ್ಲ. ತಪ್ಪು ಕಂಡರೆ, “ಅಕ್ಕಾ, ಇದನ್ನ ಇನ್ನೊಮ್ಮೆ ಮಾಡು,” ಎಂದು ನನಗೇ ತಿರುಗಿ ಕಳಿಸುತ್ತೀಯ ಎಂದುಕೊಂಡಿದ್ದೆ. ಪೆನ್ಸಿಲು ಚೂಪು ಮಾಡಿಟ್ಟುಕೊಂಡು ಎರಡು ವರ್ಷ ಟಪಾಲಿನವನ ದಾರಿ ನೋಡಿದೆ. ನೀನು ಅದನ್ನು ಶೇಖರಮ್ಮನಿಗೆ ಕೊಟ್ಟೆ.