ಗಬ್ಬೂರಿನ ಮನೆಗಾಡಿ

ಗಬ್ಬೂರ, ಹುಬ್ಬಳ್ಳಿ
೯ ನವೆಂಬರ್ ೨೦೨೫, ರವಿವಾರ

ಚಿ. ಸಂಘಮಿತ್ರಾಳಿಗೆ,

ಮಹಾದೇವಪ್ಪನ ಜೈಭೀಮ್ ಮತ್ತು ಮನಸಾರೆ ಆಶೀರ್ವಾದಗಳು.

ನೀನು ದಸರೆಗೆ ಮೊದಲು ಬರೆದ ಪತ್ರಕ್ಕೆ ಈಗ ಉತ್ತರ ಬರೆಯಲು ಕುಳಿತಿದ್ದೇನೆ. ಸಿಟ್ಟಾಗಬೇಡವ್ವಾ. ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಓದು, ಬರಹ ಎರಡೂ ಬೇಡವೆಂದು ಡಾಕ್ಟರು ತಾಕೀತು ಮಾಡಿದ್ದರು. ಔಷಧ ಹಾಕುವ ಕೆಲಸ ನಿಮ್ಮತ್ತೆ ಉಡಚವ್ವನದು. ಒಂದು ಹನಿ ಕಣ್ಣಿಗೆ ಬಿದ್ದರೆ ಎರಡು ಹನಿ ಕೆನ್ನೆಗೆ. ನೀನಿದ್ದಿದ್ದರೆ ನೀನೇ ಅವಳ ಕೈಯಿಂದ ಸೀಸೆ ಕಿತ್ತುಕೊಳ್ಳುತ್ತಿದ್ದೆ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ "ಆರಾಮ ಅದೀಯೇನವ್ವಾ" ಅಂದ ಮೇಲೆ ನನಗೆ ಮುಂದಿನ ಮಾತೇ ಹೊಳೆಯುವುದಿಲ್ಲ. ಇಳಕಲ್ಲಿನ ಆಸ್ಪತ್ರೆಯಲ್ಲಿ ನಿನಗೆ ರಾತ್ರಿ ಪಾಳಿ ತಪ್ಪಿತೆಂದು ಓದಿ ಸಮಾಧಾನವಾಯಿತು.

ಈಗ ಸುದ್ದಿ ಕೇಳು. ನಮ್ಮ ಗಾಡಿ ರಸ್ತೆಗೆ ಇಳಿಯಿತು!

ಆ ಗಾಡಿಯ ಹಿಂದಿನ ಪಾಡು ನಿನಗೆ ಗೊತ್ತೇ ಇದೆ. ಆದರೂ ಮುದುಕರಿಗೆ ಮೊದಲಿನಿಂದ ಹೇಳದಿದ್ದರೆ ತೃಪ್ತಿಯಿಲ್ಲ. ಲಾಕ್‌ಡೌನ್ ಮುಗಿದ ಹೊಸದರಲ್ಲಿ ಜನ ಹೋಟೆಲಿನ ಕೋಣೆಗೆ ಹೆದರುತ್ತಿದ್ದರು. ಒಳಗೇ ಮಲಗಿ, ಒಳಗೇ ಅಡುಗೆ ಮಾಡಿಕೊಂಡು ಊರೂರು ತಿರುಗುವ ಕ್ಯಾರವಾನ್ ಬೇಕೆಂದು ಕರಾವಳಿಯ ಒಂದು ಪ್ರವಾಸಿ ಕಂಪನಿ ನಮ್ಮ ಮಗ ಪ್ರತಾಪನನ್ನು ಹುಡುಕಿಕೊಂಡು ಬಂತು. ಬೈಪಾಸ್ ಪಕ್ಕದ ನಮ್ಮ ಶೆಡ್ಡಿನಲ್ಲಿ ಆಗ ವೆಲ್ಡಿಂಗ್ ಕಿಡಿ ಆರಿದ್ದೇ ಇಲ್ಲ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿದ್ದ ನಾನೂ ಮಲಗುವ ಬರ್ತು ಕೂಡಿಸುವ ಕೆಲಸಕ್ಕೆ ಮತ್ತೆ ತೋಳೇರಿಸಿದೆ. ಆಮೇಲೆ ಹೆದರಿಕೆ ಹೋಯಿತು, ಜನ ಹೋಟೆಲಿಗೆ ಮರಳಿದರು. ಪೇಟೆ ತಣ್ಣಗಾಯಿತು. ಕಂಪನಿ ಬಾಗಿಲು ಹಾಕಿತು. ಅರ್ಧ ಕಟ್ಟಿದ ಒಂದು ಗಾಡಿ ನಮ್ಮಲ್ಲೇ ಉಳಿಯಿತು. ಸೀಟು ಹೊಲಿಯುತ್ತಿದ್ದ ಖಾದರಬಾಷಾ ಹಳೇ ಹುಬ್ಬಳ್ಳಿಯಲ್ಲಿ ಆಟೋಗಳಿಗೆ ಗಾದಿ ಹಾಕಲು ಹೋದ. ಪ್ರತಾಪ ಪುಣೆಗೆ ನೌಕರಿಗೆ ಹೋದ. ಅಲ್ಲಿಂದ ಮುಂದೆ ನಿಮ್ಮಿಬ್ಬರ ನಡುವೆ ಆದದ್ದನ್ನು ನಾನು ಬರೆಯುವುದಿಲ್ಲ. ಸಂಬಂಧ ಕಡಿದುಹೋಯಿತು, ನಾವು ನೋಡುತ್ತ ಕುಳಿತೆವು.

ನೀನು ನಿನ್ನ ಸಾಮಾನು ಒಯ್ಯಲು ಬಂದ ದಿನ ನಾನು ಶೆಡ್ಡಿನಲ್ಲಿ ಆ ಗಾಡಿಯ ಧೂಳು ಹೊಡೆಯುತ್ತಿದ್ದೆ. ಗುಜರಿಯವನು ಮರುದಿನ ನೋಡಲು ಬರುವವನಿದ್ದ. ನೀನು ಟೆಂಪೋದವನಿಗೆ ನಿಲ್ಲಲು ಹೇಳಿ ಒಳಗೆ ಬಂದೆ. ಗಾಡಿ ಹತ್ತಿ, ಗಾದಿ ಇಲ್ಲದ ಬರಿ ಹಲಗೆಯ ಮೇಲೆ ಕುಳಿತೆ. ಬೈಯುತ್ತೀಯೆಂದುಕೊಂಡೆ. ಬೈದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ. ನೀನು ಸುತ್ತ ನೋಡಿ ಅಂದದ್ದು ಇಷ್ಟು:

"ಮಾವಾರ, ಇದನ್ನ ಮಾರಬ್ಯಾಡ್ರಿ. ಟಿವಿ ಇಡೂ ಜಾಗಾದಾಗ ಇನ್ನೊಂದು ಹಾಸಿಗಿ ಹಾಕ್ರಿ. ಸಂಡಾಸದ ಬಾಗಲಾ ಅಗಲ ಮಾಡ್ರಿ, ಹಿಡಕೊಂಡು ಏಳಾಕ ಒಂದು ಕಂಬಿ ಇರ್ಲಿ. ನಮ್ಮ ವಾರ್ಡಿಗೆ ಬರೂ ಹೆಣ್ಮಕ್ಕಳು ಊರಿಗೆ ಹೊಂಟ್ರ ಮುಂಜಾನಿಯಿಂದ ಒಂದು ಹನಿ ನೀರು ಕುಡಿಯಂಗಿಲ್ರಿ. ಹಾದ್ಯಾಗ ಎಲ್ಲಿ ಹೋಗ್ಬೇಕು ಅವರು? ವಯಸ್ಸಾದವರಂತೂ ಊರೇ ಬಿಟ್ಟಬಿಟ್ಟಾರ."

ಮನೆಯನ್ನೇ ಬಿಟ್ಟು ಹೊರಟವಳು ನಮ್ಮ ಬದುಕಿಗೆ ದಾರಿ ತೋರಿಸಿ ಹೋದೆ. ಅಂದು ನಿನಗೆ ಒಂದು ಲೋಟ ಚಹಾ ಕೂಡ ಕೊಡಲು ನನಗೆ ತೋಚಲಿಲ್ಲ.

ಮರುದಿನ ಗುಜರಿಯವನನ್ನು ಬಾಗಿಲಿನಿಂದಲೇ ಕಳಿಸಿದೆ. ಖಾದರಬಾಷಾನ ಅಂಗಡಿಗೆ ಹೋಗಿ ನೀನು ಹೇಳಿದ್ದನ್ನು ಹೇಳಿದೆ. ಅವನು ಸೂಜಿ ಕೆಳಗಿಟ್ಟು, "ಕಾಕಾ, ನಮ್ಮವ್ವನ ಸಲುವಾಗೇ ಹೇಳ್ಯಾರೇನ್ರಿ ಅವರು?" ಅಂದ. ಅವನ ತಾಯಿ ಹಾಜರಾಬಿಗೆ ಸೊಂಟದ ಎಲುಬು ಮುರಿದು ಆಪರೇಷನ್ ಆದಾಗಿನಿಂದ ಮೂತ್ರ ತಡೆಯುವುದಿಲ್ಲ. ವಿಜಯಪುರದಲ್ಲಿರುವ ತನ್ನ ಅಕ್ಕನ ಮುಖವನ್ನು ಆಕೆ ಫೋನಿನಲ್ಲಿ ನೋಡುವುದೇ ಆಗಿತ್ತು. ಅಂದಿನಿಂದ ಅವನು ಸಂಜೆ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬರತೊಡಗಿದ. ಹಿಂಬಾಗಿಲಿಗೆ ಗಾಲಿಕುರ್ಚಿ ಏರಿಸುವ ಇಳಿಜಾರು ಹಲಗೆ ನಾನು ಮಾಡಿದೆ. ಮೊದಲನೆಯದು ಬಹಳ ಕಡಿದಾಯಿತು. ಉಡಚವ್ವನನ್ನು ಕುರ್ಚಿಯಲ್ಲಿ ಕೂಡಿಸಿ ತಳ್ಳಿ ನೋಡಿದೆವು, ಅವಳು ನಮ್ಮಿಬ್ಬರ ವಂಶವನ್ನೂ ಜಾಲಾಡಿದಳು. ಇನ್ನೊಂದು ಮಾಡಿದೆ. ನೀರಿನ ಟಾಕಿ ಸೋರಿತು, ಅದನ್ನೂ ಬಿಚ್ಚಿ ಕೂಡಿಸಿದೆ. ಆರ್‌ಟಿಒ ಕಚೇರಿಯ ಅಲೆದಾಟ ಬೇರೆ.

ಮೊದಲ ಪ್ರಯಾಣ ಹಾಜರಾಬಿಯದೇ. ನಾನೂ ಜೊತೆಗೆ ಹೋದೆ. ಆಕೆ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ನವಲಗುಂದ ದಾಟಿತು. ಎರಡೂ ಕಡೆ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಿತ್ತು. ನರಗುಂದದ ಗುಡ್ಡ ಕಂಡಾಗ ಮಗನನ್ನು ಕರೆದಳು.

"ಖಾದರಾ, ನೀರು ಕೊಡಪಾ."

ಖಾದರಬಾಷಾ ನನ್ನ ಮುಖ ನೋಡಿದ. ಬಾಟಲಿ ಕೊಟ್ಟ. ಆಕೆ ಒಂದು ಗುಟುಕು ಕುಡಿದು ನಿಲ್ಲಿಸಿದಳು. ಆಮೇಲೆ ಮತ್ತೆ ಎತ್ತಿ ಪೂರ್ತಿ ಕುಡಿದಳು, ಗಂಟಲ ಸದ್ದು ನನಗೆ ಕೇಳುವಷ್ಟು. "ಹಾದ್ಯಾಗ ನೀರು ಕುಡದು ಎಷ್ಟು ವರ್ಷ ಆತೋ, ಅಣ್ಣಾ" ಅಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣಿಗೆ ಆಪರೇಷನ್ ಆಗಿದೆ, ನೀರು ಬರಬಾರದೆಂದು ಹೇಳಿದ್ದಾರೆ, ಏನು ಮಾಡಲಿ.

ವಿಜಯಪುರದಲ್ಲಿ ಅಕ್ಕನ ಮನೆ ಮಾಳಿಗೆಯ ಮೇಲೆ. ಕಡಿದಾದ ಮೆಟ್ಟಿಲು. ಎತ್ತಿಕೊಂಡು ಹೋಗುತ್ತೇವೆಂದರೆ ಹಾಜರಾಬಿ ಒಪ್ಪಲಿಲ್ಲ. ಕಡೆಗೆ ಆ ಅಕ್ಕನೇ ಗೋಡೆ ಹಿಡಿದು ಇಳಿದು ಬಂದು ಗಾಡಿ ಹತ್ತಿದಳು. ಇಬ್ಬರೂ ಎದುರುಬದುರಿನ ಹಾಸಿಗೆಯಲ್ಲಿ ಮಲಗಿ, ಸಂಜೆಯವರೆಗೆ ತಮ್ಮ ಉರ್ದುವಿನಲ್ಲಿ ಮಾತಾಡಿದರು, ಅತ್ತರು, ಯಾರನ್ನೋ ನೆನೆದು ಬಿದ್ದುಬಿದ್ದು ನಕ್ಕರು. ಓಣಿಯವರು ಚಹಾ, ಬಿರ್ಯಾನಿ ಎಲ್ಲವನ್ನೂ ಗಾಡಿಗೇ ತಂದುಕೊಟ್ಟರು. ನೀನು ಟಿವಿ ಬೇಡವೆಂದ ಜಾಗದಲ್ಲಿ ಹಾಕಿದ ಹಾಸಿಗೆಯಲ್ಲೇ ಆ ಅಕ್ಕ ಮಲಗಿದ್ದು.

ಆ ಸುದ್ದಿ ಹಬ್ಬಿತು. ಈಗ ಧಾರವಾಡದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರನ್ನು ತಂಗಿಯ ಗೃಹಪ್ರವೇಶಕ್ಕೆ ಕರೆದೊಯ್ದು ಬಂದೆವು. ಬಾಣಂತಿಯೊಬ್ಬಳು ಕೂಸಿನೊಂದಿಗೆ ತವರಿಗೆ ಹೋದಳು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸಿನ ಬಾಡಿ ಕಟ್ಟುವ ಮಾಲೀಕರೊಬ್ಬರು ಬಂದು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. "ಕ್ಯಾರವಾನ್ ಧಂದೇ ಮುಗೀತು ಅಂತ ನಾವು ಕೈ ತೊಳಕೊಂಡಿದ್ವಿ. ಇದು ಬ್ಯಾರೇನ ಐತಲ್ರಿ. ಇಬ್ರೂ ಕೂಡಿ ಕಟ್ಟೂಣ್ರಿ" ಅಂದರು. ಮೋಜಿಗೆ ತಿರುಗುವವರು ಕಾಲ ಚೆನ್ನಾಗಿದ್ದರೆ ಬರುತ್ತಾರೆ, ಕೆಟ್ಟರೆ ಮನೆಯಲ್ಲಿ ಕೂಡುತ್ತಾರೆ. ಅಕ್ಕನನ್ನು ನೋಡಬೇಕೆಂಬ ಮುದುಕಿಯರು ಎಲ್ಲ ಕಾಲಕ್ಕೂ ಇರುತ್ತಾರೆ. ಈ ಕೆಲಸಕ್ಕೆ ಮುಂದೆಯೂ ಅನ್ನವಿದೆ ಎಂದು ನನಗೆ ಧೈರ್ಯ ಬಂದಿದೆ. ಖಾದರಬಾಷಾ ನಮ್ಮಲ್ಲಿಗೇ ಮರಳಿದ್ದಾನೆ. ಹಾಜರಾಬಿ ಪ್ರತಿ ನಮಾಜಿನಲ್ಲಿ ನಿನ್ನನ್ನು ನೆನೆಯುತ್ತಾಳಂತೆ. ನಿನ್ನ ಹೆಸರು ಅವಳ ಬಾಯಲ್ಲಿ ತಿರುಗುವುದಿಲ್ಲ, "ಆ ದವಾಖಾನಿ ಮಗಳು" ಅನ್ನುತ್ತಾಳೆ.

ಉಡಚವ್ವನ ವಿಷಯ ಕೇಳಿದ್ದಿ. ಮೊಣಕಾಲು ನೋವು ಹಾಗೇ ಇದೆ. ನಿನ್ನ ಹೆಸರು ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ, ಅದೂ ಹಾಗೇ ಇದೆ. ಆದರೆ ಇಳಕಲ್ಲಿನ ಕಡೆ ಯಾರೋ ಹೊರಟಿದ್ದಾರೆಂದು ಕೇಳಿದ್ದೇ ತಡ, ಕೆಂಪು ಮೆಣಸಿನಕಾಯಿ ರಂಜಕ ಚಟ್ನಿಯ ಭರಣಿ ತಂದು ನನ್ನ ಮುಂದೆ ಕುಕ್ಕಿ, "ಇದನ್ನೂ ಕಳಸ್ರಿ" ಅಂದಳು. ಯಾರಿಗೆಂದು ನಾನು ಕೇಳಲಿಲ್ಲ. ಈ ಪತ್ರದ ಜೊತೆಗೇ ಅದೂ ಬರುತ್ತಿದೆ.

ನೀನು ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡಲು ನನ್ನಲ್ಲಿ ಏನೂ ಇಲ್ಲ, ತಾಯಿ. ನಿನ್ನ ಕೈಗುಣ ಹೀಗೇ ಇರಲಿ. ನೀನು ಹೋದ ಊರಲ್ಲೆಲ್ಲ ನಿನ್ನನ್ನು ತಮ್ಮವಳೆನ್ನುವ ಜನ ಸಿಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ತಥಾಗತನ ಕರುಣೆ ನಿನ್ನ ಮೇಲಿರಲಿ.

ಇಂತಿ ನಿನ್ನ ಹಿತ ಬಯಸುವ,
ಮಹಾದೇವಪ್ಪ

ತಾ.ಕ.: ಇದೊಂದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬರುವ ತಿಂಗಳು ಪುಣೆಯಲ್ಲಿ ಪ್ರತಾಪನ ಮದುವೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು. ಅವನು ಫೋನು ಮಾಡಿ, "ಅಪ್ಪಾ, ಅವ್ವನ ಮೊಣಕಾಲು ಸರಿ ಇಲ್ಲ, ಆ ಗಾಡ್ಯಾಗ ಕರಕೊಂಡು ಬಾ" ಅಂದ. ಉಡಚವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನೀ ನನ್ನ ಮಗಾ, ನಾ ಬರ್ತೇನಿ. ರೈಲಿನ್ಯಾಗ ಬರ್ತೇನಿ, ನಿಂತ ಬರೂದಾದ್ರೂ ಬರ್ತೇನಿ. ಅದು ಆಕಿ ಗಾಡಿ. ಈ ಮದವಿಗೆ ನಾ ಅದನ್ನ ಹತ್ತಂಗಿಲ್ಲ" ಅಂದು ಫೋನು ಇಟ್ಟುಬಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ಕುಳಿತು ಬಹಳ ಹೊತ್ತು ಅತ್ತಳು. ನಾನು ಹೋಗಬೇಕೋ ಬೇಡವೋ, ಇನ್ನೂ ತಿಳಿಯುತ್ತಿಲ್ಲ.