ಸತ್ತವರ ಹೆಸರಿನ ತೆರಿಗೆ

ಅತ್ತೆ,

ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಠಾಣೆಯಲ್ಲಿ ದೂರು ಕೊಟ್ಟು ಹಾಗೇ ಔಷಧಿ ಅಂಗಡಿಗೆ ಹೋಗುತ್ತೇನೆ. ಅಡುಗೆ ಆಗಿದೆ, ಬಿಸಿ ಮಾಡಿಕೊಂಡು ಊಟ ಮಾಡಿ.

ನಿಮ್ಮ ಮಗನ ಹೆಸರಿನಲ್ಲಿ ಯಾರೋ ನಮಗಿಂತ ಮೊದಲೇ ತೆರಿಗೆ ವಿವರ ಸಲ್ಲಿಸಿ, ವಾಪಸ್ ಬರುವ ಹಣವನ್ನು ತಮ್ಮ ಖಾತೆಗೆ ಕೇಳಿದ್ದಾರೆ. ಹಣ ಹೋಗಿಲ್ಲ, ತೆರಿಗೆ ಕಚೇರಿಯವರು ತಡೆದಿದ್ದಾರೆ. ಹೆದರಬೇಡಿ.

ಅವರ ವಿವರ ಯಾರಿಗಾದರೂ ಕೊಟ್ಟಿರಾ ಎಂದು ನಿನ್ನೆ ಕೇಳಿದಾಗ ನೀವು ಅಂದಿರಿ, "ಒಬ್ಬ ಫೋನ್ ಮಾಡಿದ್ದ, ನನ್ನ ಮಗನ ಜೊತೆ ಲಿಫ್ಟ್ ರಿಪೇರಿ ಮಾಡ್ತಿದ್ದೋನಂತೆ. ಅವನ ಹಾಗೆ ನಗೋರು ಯಾರೂ ಇಲ್ಲ ಅಂದ. ಆಮೇಲೆ ಪ್ಯಾನ್ ಕಾರ್ಡಿನ ನಂಬರ್ ಕೇಳ್ದ, ಓದಿ ಹೇಳ್ದೆ. ಅವನ ಬಗ್ಗೆ ಮಾತಾಡೋರು ಈಗ ಯಾರಿದಾರೆ ಹೇಳು?"

ನಾನು ರೇಗಿ ಬಾಗಿಲು ಹಾಕಿಕೊಂಡೆ. ನೀವಂದದ್ದು ನಿಜ. ಈ ಮನೆಯಲ್ಲಿ ನಾನೂ ಅವರ ಮಾತೆತ್ತುವುದಿಲ್ಲ.

ಇನ್ನು ಮೇಲೆ ಫೋನಿನಲ್ಲಿ ಯಾರಿಗೂ ಯಾವ ನಂಬರನ್ನೂ ಹೇಳಬೇಡಿ. ತೆರಿಗೆ ಕಚೇರಿಯಿಂದ ಅಂದರೂ ಸರಿ, ಇಟ್ಟುಬಿಡಿ. ಮೊಬೈಲಿಗೆ ಬರುವ ಓಟಿಪಿಯನ್ನು ನನ್ನ ದನಿಯಲ್ಲಿ ಕೇಳಿದರೂ ಕೊಡಬೇಡಿ. ಅವರ ಹಳೇ ಸಂಬಳದ ಚೀಟಿಗಳನ್ನು ರದ್ದಿಯವನಿಗೆ ಹಾಕಬೇಡಿ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಅವರ ತೆರಿಗೆ ವಿವರ ಕೊಡಲು ಹೋದಾಗ ಕಚೇರಿಯ ಗುಮಾಸ್ತರು ಪರದೆ ನೋಡುತ್ತ, "ನಿಮ್ಮ ಯಜಮಾನ್ರು ಹೋದ ವಾರಾನೇ ಕಳ್ಸಿದಾರಲ್ಲಮ್ಮ" ಅಂದರು. ಅವರು ತೀರಿಕೊಂಡು ವರ್ಷವಾಗುತ್ತ ಬಂತೆಂದು ಹೇಳಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಎಲ್ಲಿಂದ ಕಳ್ಸಿದಾರೆ?"